ಅರ್ಥಶಾಸ್ತ್ರಕ್ಕೆ ಪೂರ್ವಪಕ್ಷ ಬೇಕು

ಮಳೆಯನ್ನೇ ನಂಬಿದ ಹೊಲದಲ್ಲಿ ಬೆಳೆದ ಒಂದು ಕ್ವಿಂಟಲ್ ರಾಗಿಗೆ ಬೆಳೆದವನ ಕೈಯಿಂದ ಆದ ಖರ್ಚೆಷ್ಟು ಎಂಬುದು ಮೇಲ್ನೋಟಕ್ಕೆ ಬರಿಯ ಲೆಕ್ಕದ ಪ್ರಶ್ನೆಯಾಗಿ ತೋರುತ್ತದೆ. ಬಿತ್ತನೆಯ ಬೀಜ, ಚೀಲದ ಗೊಬ್ಬರ, ಉಳುಮೆಗೆ ಕರೆಸಿದ ಟ್ರ್ಯಾಕ್ಟರಿನ ಬಾಡಿಗೆ, ಕೊಯ್ಲಿಗೆ ಬಂದ ಆಳುಗಳ ಕೂಲಿ, ಇವಕ್ಕೆಲ್ಲ ಹಣ ತೆತ್ತಿರುವುದರಿಂದ ಇವನ್ನು ಬರೆದುಕೊಳ್ಳುವುದಕ್ಕೆ ಯಾರ ಆಕ್ಷೇಪವೂ ಇರಲಾರದು. ಆದರೆ ಕುಂಟೆ ಹೊಡೆದ ಯಜಮಾನನ ದುಡಿಮೆ, ಬೆನ್ನು ಬಗ್ಗಿಸಿ ಕಳೆ ಕಿತ್ತು, ತೆನೆ ಕೊಯ್ದು, ಕಣದಲ್ಲಿ ಗಾಳಿ ಬಂದ ಹೊತ್ತು ನೋಡಿ ರಾಗಿಯನ್ನು ತೂರಿ ಹಸನು ಮಾಡಿದ ಮನೆಯ ಹೆಂಗಸರ ದುಡಿಮೆ, ಶಾಲೆಯಿಂದ ಬಂದ ಮೇಲೆ ದನ ಹೊಡೆದುಕೊಂಡು ಹೋದ ಮಕ್ಕಳ ದುಡಿಮೆ, ನೆರೆಯವರು ಮುಯ್ಯಾಳಾಗಿ ಬಂದು ಮಾಡಿಕೊಟ್ಟದ್ದನ್ನು ಮುಂದಿನ ವಾರ ಅವರ ಹೊಲಕ್ಕೆ ಹೋಗಿ ತೀರಿಸಬೇಕಾದ ದುಡಿಮೆ, ಇವುಗಳನ್ನು ಯಾವ ದರದಲ್ಲಿ ಹಿಡಿಯತಕ್ಕದ್ದು? ಅಜ್ಜನ ಕಾಲದಿಂದ ಬಂದ ಸ್ವಂತ ನೆಲಕ್ಕೆ ಗೇಣಿ ಹಿಡಿಯಬೇಕೆ? ಜೋಡಿ ಎತ್ತಿಗೆ ಹಾಕಿದ ಹಣಕ್ಕೆ ಬಡ್ಡಿ ಹಿಡಿಯಬೇಕೆ?

ಕೇಂದ್ರ ಸರ್ಕಾರದ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವು ಇದಕ್ಕೆ ಒಂದಕ್ಕಿಂತ ಹೆಚ್ಚು ಉತ್ತರಗಳನ್ನು ಇಟ್ಟುಕೊಂಡಿದೆ. ಹಣದ ರೂಪದಲ್ಲಾಗಲಿ ಪದಾರ್ಥದ ರೂಪದಲ್ಲಾಗಲಿ ರೈತನು ನಿಜವಾಗಿ ತೆತ್ತದ್ದನ್ನೂ ಗುತ್ತಿಗೆಗೆ ಹಿಡಿದ ನೆಲವಿದ್ದರೆ ಅದರ ಗೇಣಿಯನ್ನೂ ಕೂಡಿಸಿದರೆ ಬರುವುದು ಎ2 ವೆಚ್ಚ. ಮನೆಮಂದಿಯ ದುಡಿಮೆಯ ಅಂದಾಜು ಮೌಲ್ಯವನ್ನು ಅದಕ್ಕೆ ಸೇರಿಸಿದರೆ ಎ2 ಮತ್ತು ಎಫ್‌ಎಲ್. ಸ್ವಂತ ನೆಲದ ಗೇಣಿಯನ್ನೂ ಸ್ವಂತ ಬಂಡವಾಳದ ಬಡ್ಡಿಯನ್ನೂ ಅಂದಾಜು ಮಾಡಿ ಕೂಡಿಸಿದರೆ ಸಿ2. ಎಂ. ಎಸ್. ಸ್ವಾಮಿನಾಥನ್ ಅವರ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗವು 2006ರಲ್ಲಿ, ಬೆಂಬಲ ಬೆಲೆಯು ಉತ್ಪಾದನಾ ವೆಚ್ಚಕ್ಕಿಂತ ಶೇಕಡ 50ರಷ್ಟಾದರೂ ಹೆಚ್ಚಿರಬೇಕೆಂದು ಶಿಫಾರಸು ಮಾಡಿತು. 2018ರ ಕೇಂದ್ರ ಆಯವ್ಯಯದಲ್ಲಿ ವೆಚ್ಚದ ಒಂದೂವರೆ ಪಟ್ಟು ಬೆಲೆ ಕೊಡುವುದಾಗಿ ಘೋಷಣೆಯಾದಾಗ, ಸರ್ಕಾರವು ಎ2 ಮತ್ತು ಎಫ್‌ಎಲ್ ಅನ್ನು ವೆಚ್ಚವೆಂದು ಹಿಡಿಯಿತು; ರೈತ ಸಂಘಟನೆಗಳು ಸಿ2 ಅನ್ನೇ ಹಿಡಿಯಬೇಕೆಂದು ವಾದಿಸಿದವು. ವಾದ ಇಂದಿಗೂ ಮುಗಿದಿಲ್ಲ. ಎರಡು ಪಕ್ಷಗಳ ಸಂಕಲನ ವ್ಯವಕಲನಗಳಲ್ಲಿಯೂ ದೋಷವಿಲ್ಲ ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಭೂಮಿಯು ಪ್ರತಿಫಲವನ್ನು ಬೇಡುವ ಬಂಡವಾಳವೋ ಅಥವಾ ಒಂದು ಕುಟುಂಬದ ಬಾಳಿಗೆ ಆಧಾರವೋ, ರೈತನು ಸಣ್ಣ ಪ್ರಮಾಣದ ಉದ್ಯಮಿಯೋ ಅಥವಾ ತನ್ನ ಹೊಲದಲ್ಲಿ ತಾನೇ ಕೂಲಿಯಾಗಿರುವವನೋ ಎಂಬ ವಿಷಯದಲ್ಲಿ ಲೆಕ್ಕ ಬರೆಯುವವನು ಲೇಖನಿಯನ್ನು ಕೈಗೆತ್ತಿಕೊಳ್ಳುವುದಕ್ಕೆ ಮುಂಚೆಯೇ ಒಂದು ನಿರ್ಣಯಕ್ಕೆ ಬಂದಿರುತ್ತಾನೆ; ಆ ನಿರ್ಣಯವನ್ನು ಅವನಿಗೆ ಒದಗಿಸಿರುವುದು ಅವನು ಕಲಿತ ಶಾಸ್ತ್ರ.

ಹಾಗೆ ಕಲಿಸುವಾಗ ಒಂದೇ ಶಾಸ್ತ್ರಸಂಪ್ರದಾಯವನ್ನು ಕಲಿಸಿ, ಮಿಕ್ಕವು ಇವೆಯೆಂಬುದನ್ನೇ ವಿದ್ಯಾರ್ಥಿಗೆ ತಿಳಿಸದೆ ಹೋದರೆ, ಅವನು ಮುಂದೆ ಅಧಿಕಾರಿಯೋ ಅಧ್ಯಾಪಕನೋ ಪತ್ರಕರ್ತನೋ ಆಗಿ ಕುಳಿತಾಗ ತಾನು ಒಂದು ಆಯ್ಕೆ ಮಾಡಿದ್ದೇನೆಂಬ ಅರಿವೇ ಇಲ್ಲದೆ ಆಯ್ಕೆ ಮಾಡುತ್ತಿರುತ್ತಾನೆ. ಅರ್ಥಶಾಸ್ತ್ರದ ಬೋಧನೆಯಲ್ಲಿಯೂ ಸಮಾಜಚಿಂತನೆಯಲ್ಲಿಯೂ ಬಹುತ್ವ ಬೇಕೆಂದು ನಾನು ವಾದಿಸುತ್ತಿರುವುದು ಈ ಕಾರಣದಿಂದ. ಬಹುತ್ವವು ಸಭ್ಯತೆಯ ದೃಷ್ಟಿಯಿಂದ ಒಳ್ಳೆಯದೆಂಬ ಮಾತು ಹಾಗಿರಲಿ. ಅದಿಲ್ಲದೆ ನಮ್ಮ ಊರಿನ ಲೆಕ್ಕವೇ ನಮಗೆ ತಿಳಿಯಲಾರದು.

ಈ ರಾಗಿಯ ಲೆಕ್ಕದ ಹಿಂದೆ ಒಂದು ದೀರ್ಘ ಚರ್ಚೆಯಿದೆ, ಅದು ನಮ್ಮ ದೇಶದ ಬೌದ್ಧಿಕ ಜೀವನದ ಉಜ್ವಲ ಅಧ್ಯಾಯಗಳಲ್ಲೊಂದು. 1950ರ ದಶಕದ ನಡುವಿನಲ್ಲಿ ಭಾರತ ಸರ್ಕಾರವು ಹಲವು ಪ್ರಾಂತಗಳಲ್ಲಿ ಕೃಷಿ ನಿರ್ವಹಣೆಯ ಅಧ್ಯಯನಗಳನ್ನು ನಡೆಸಿ, ರೈತರ ಹೊಲಗಳ ಆಯವ್ಯಯವನ್ನು ಸೂಕ್ಷ್ಮವಾಗಿ ದಾಖಲಿಸಿತು. ಆ ವರದಿಗಳನ್ನು ಮುಂದಿಟ್ಟುಕೊಂಡು, ಆಗಿನ್ನೂ ಮೂವತ್ತು ದಾಟಿರದ ಅಮರ್ತ್ಯ ಸೇನ್ 1962ರಲ್ಲಿ ಮುಂಬಯಿಯ ‘ಎಕನಾಮಿಕ್ ವೀಕ್ಲಿ’ ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನವನ್ನು ಪ್ರಕಟಿಸಿದರು. ಮನೆಯವರ ದುಡಿಮೆಗೆ ಪೇಟೆಯ ಕೂಲಿದರವನ್ನು ಹಚ್ಚಿದರೆ ಭಾರತದ ಬೇಸಾಯದ ಬಹುಭಾಗ ನಷ್ಟದ ಕಸುಬಾಗಿ ಕಾಣುತ್ತದೆ. ಅದೇ ವೇಳೆಗೆ, ಹಿಡುವಳಿ ಚಿಕ್ಕದಾದಷ್ಟೂ ಎಕರೆಯೊಂದರ ಉತ್ಪನ್ನ ಹೆಚ್ಚಾಗಿರುವುದೂ ಕಾಣುತ್ತದೆ. ನಷ್ಟದಲ್ಲಿರುವವನೇ ಹೆಚ್ಚು ಬೆಳೆಯುವುದು ಹೇಗೆ? ಆ ಕೂಲಿದರವು ಮನೆಯ ದುಡಿಮೆಗೆ ಹೊಂದದು ಎಂಬುದು ಸೇನ್ ಕೊಟ್ಟ ಉತ್ತರ. ಕೂಲಿಯಾಳನ್ನು ಇಟ್ಟುಕೊಂಡು ಬೇಸಾಯ ಮಾಡುವ ದೊಡ್ಡ ಹಿಡುವಳಿದಾರನು, ಆಳು ಬೆಳೆಸಿದ್ದು ಆಳಿನ ಕೂಲಿಗಿಂತ ಕಡಿಮೆಯಾಯಿತೆಂದು ಕಂಡ ಕೂಡಲೆ ಕೆಲಸ ನಿಲ್ಲಿಸುತ್ತಾನೆ. ಹೊರಗೆ ಬೇರೆ ಕೆಲಸ ಸಿಕ್ಕದ ಮನೆಯ ಮಂದಿ, ಇನ್ನೊಂದು ಸೇರು ಧಾನ್ಯ ಸಿಕ್ಕೀತೆಂಬ ಆಸೆಯಿರುವ ತನಕ ಹೊಲ ಬಿಟ್ಟು ಏಳುವುದಿಲ್ಲ.

ರಷ್ಯಾದ ಅರ್ಥಶಾಸ್ತ್ರಜ್ಞ ಅಲೆಕ್ಸಾಂಡರ್ ಚಯಾನೊವ್ ಇಂಥದೇ ವಿಚಾರವನ್ನು ಮೊದಲೇ ಬೇರೊಂದು ಮಾರ್ಗದಿಂದ ಮುಟ್ಟಿದ್ದನು. ರೈತ ಕುಟುಂಬವು ಉಣ್ಣುವ ಬಾಯಿಗಳನ್ನೂ ದುಡಿಯುವ ಕೈಗಳನ್ನೂ ತೂಗಿ ನೋಡಿ ಬೇಸಾಯ ಮಾಡುತ್ತದೆ, ಲಾಭದ ಪ್ರಮಾಣವನ್ನು ನೋಡಿ ಅಲ್ಲ, ಎಂಬುದು 1925ರ ಅವನ ಗ್ರಂಥದ ಸಾರ. ಸಾಮೂಹಿಕ ಬೇಸಾಯವನ್ನು ಬಲವಂತದಿಂದ ಹೇರಿದ ಸ್ಟಾಲಿನನ ಆಡಳಿತಕ್ಕೆ ಈ ದರ್ಶನ ಸಹ್ಯವಾಗಲಿಲ್ಲ. 1930ರಲ್ಲಿ ಬಂಧಿತನಾದ ಚಯಾನೊವ್ 1937ರಲ್ಲಿ ಗುಂಡಿಗೆ ಬಲಿಯಾದನು. ಇಂಗ್ಲಿಷ್ ಬಲ್ಲ ಜಗತ್ತಿಗೆ ಆ ಗ್ರಂಥ ದೊರೆತದ್ದು 1966ರಲ್ಲಿ. ಒಂದೇ ಸಿದ್ಧಾಂತಕ್ಕೆ ಮಾತ್ರ ಸ್ಥಳವಿರುವ ನಾಡಿನಲ್ಲಿ ಒಬ್ಬ ವಿದ್ವಾಂಸನಿಗೂ ಅವನ ಪುಸ್ತಕಕ್ಕೂ ಏನಾಗಬಹುದೆಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಕಿಲ್ಲ. ಬಹುತ್ವದ ಬೇಡಿಕೆಯು ಎಡಪಂಥದ್ದೆಂದು ಬಗೆದು ದೂರ ಸರಿಯುವವರು ಈ ಸಾವನ್ನು ನೆನೆಯಬೇಕು.

ಸೇನ್ ಎತ್ತಿದ ಪ್ರಶ್ನೆ ಅಲ್ಲಿಗೆ ನಿಲ್ಲಲಿಲ್ಲ. ಚಿಕ್ಕ ಹಿಡುವಳಿಗಳು ಮೊದಲೇ ಫಲವತ್ತಾದ ನೆಲದಲ್ಲಿರುವುದು ಇದಕ್ಕೆ ಕಾರಣವಾಗಿರಬಹುದೆಂದು ಕೆಲವರೆಂದರು. ಅರ್ಥಶಾಸ್ತ್ರಜ್ಞ ಅಶೋಕ ರುದ್ರ ಅಂಕಿ ಅಂಶಗಳ ಆಧಾರವನ್ನೇ ಪ್ರಶ್ನಿಸಿದರು. ಅದೇ ಕೃಷಿ ನಿರ್ವಹಣಾ ವರದಿಗಳನ್ನು ಮತ್ತೆ ಆಮೂಲಾಗ್ರವಾಗಿ ಪರಿಶೀಲಿಸಿ, 1974ರಲ್ಲಿ ಭಾರತೀಯ ಬೇಸಾಯದ ಉತ್ಪಾದನಾ ಸ್ಥಿತಿಗಳನ್ನು ಕುರಿತು ಗ್ರಂಥವನ್ನು ರಚಿಸಿದವರು ಕೃಷ್ಣಾ ಭಾರದ್ವಾಜ್. ನಮ್ಮ ಕಾರವಾರದಲ್ಲಿ 1935ರಲ್ಲಿ ಹುಟ್ಟಿದ ಈ ಮಹಿಳೆಯ ಹೆಸರು ಕನ್ನಡನಾಡಿನ ಅರ್ಥಶಾಸ್ತ್ರದ ತರಗತಿಗಳಲ್ಲಿ ಎಷ್ಟು ಕೇಳಿಬರಬೇಕಾಗಿತ್ತೋ ಅಷ್ಟು ಕೇಳಿಬರುತ್ತಿಲ್ಲವೆಂಬುದು ನನಗೆ ನೋವಿನ ವಿಷಯ. ಕೇಂಬ್ರಿಜ್‌ನ ಪಿಯೆರೊ ಸ್ರಾಫಾ ಬರೆದ ಅತಿ ಸಂಕ್ಷಿಪ್ತವೂ ಅತಿ ಕಠಿನವೂ ಆದ ಕೃತಿಯನ್ನು 1963ರಲ್ಲಿ ಅದೇ ‘ಎಕನಾಮಿಕ್ ವೀಕ್ಲಿ’ಯಲ್ಲಿ ವಿಮರ್ಶಿಸಿ ಕೇಂಬ್ರಿಜ್‌ನವರ ಗಮನವನ್ನು ಸೆಳೆದ ಇವರು, ಮುಂದೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಕೇಂದ್ರವನ್ನು ರೂಪಿಸಿದರು.

ಭಾರದ್ವಾಜ್ ಕಂಡದ್ದು ಹೀಗೆ: ಹಳ್ಳಿಯಲ್ಲಿ ನೆಲದ ಪೇಟೆ, ಸಾಲದ ಪೇಟೆ, ಕೂಲಿಯ ಪೇಟೆ, ಧಾನ್ಯದ ಪೇಟೆ ಎಂದು ಬೇರೆ ಬೇರೆಯಾಗಿ ಎಣಿಸುವಂತಿಲ್ಲ. ಗೇಣಿಗೆ ನೆಲ ಕೊಟ್ಟವನೇ ಬಿತ್ತನೆಯ ಕಾಲಕ್ಕೆ ಸಾಲ ಕೊಡುತ್ತಾನೆ, ಸಾಲ ತೀರುವ ತನಕ ಅವನ ಹೊಲದಲ್ಲಿ ಕಡಿಮೆ ಕೂಲಿಗೆ ದುಡಿಯಬೇಕಾಗುತ್ತದೆ, ಬೆಳೆಯನ್ನು ಅವನು ಹೇಳಿದ ಬೆಲೆಗೆ ಅವನಿಗೇ ಮಾರಬೇಕಾಗುತ್ತದೆ. ಒಂದು ಪೇಟೆಯಲ್ಲಿ ಸೋತವನು ನಾಲ್ಕರಲ್ಲಿಯೂ ಸೋತಿರುತ್ತಾನೆ. ಬಡ್ಡಿಯ ದರವೊಂದನ್ನೇ ನೋಡಿದ ಅರ್ಥಶಾಸ್ತ್ರಜ್ಞನಿಗೆ ಆ ಸಾಲ ಅಗ್ಗವೆಂದೇ ತೋರಬಹುದು. ಸಾಲದ ನಿಜವಾದ ಬೆಲೆ ಕಣದಲ್ಲಿ ವಸೂಲಾಗುತ್ತದೆ. ಬೇಡಿಕೆ ಪೂರೈಕೆಗಳ ಎರಡು ರೇಖೆಗಳು ಕೂಡುವಲ್ಲಿ ಬೆಲೆ ನಿಲ್ಲುತ್ತದೆಂಬ ಪಾಠವನ್ನು ಮಾತ್ರ ಬಲ್ಲವನಿಗೆ ಇದು ಕಾಣದೆ ಹೋಗುವುದು ಅವನಲ್ಲಿ ಬುದ್ಧಿಯಿಲ್ಲದ್ದರಿಂದಲ್ಲ. ಆ ಪಾಠದಲ್ಲಿ ಗೇಣಿದಾರನೂ ಧಣಿಯೂ ಸರಿಸಮಾನರಾಗಿ ಪೇಟೆಗೆ ಬರುತ್ತಾರೆ.

ಮನೆಯೊಳಗಿನ ದುಡಿಮೆಯ ವಿಷಯದಲ್ಲಿ ಸ್ತ್ರೀವಾದಿ ಅರ್ಥಶಾಸ್ತ್ರವು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ಅದಕ್ಕೆ ಕೊಡುತ್ತಿದ್ದರು. ನಾವು ದಿನವೂ ಕೇಳುವ ರಾಷ್ಟ್ರೀಯ ಉತ್ಪನ್ನದ ಅಂಕಿಯಲ್ಲಿ ಈ ದುಡಿಮೆಗೆ ಸ್ಥಾನವಿಲ್ಲ. ಎಣಿಕೆಗೆ ಸಿಕ್ಕದ್ದು ನೀತಿಗೂ ಸಿಕ್ಕುವುದಿಲ್ಲ; ನೀರು ಹೊರುವ, ಸೌದೆ ತರುವ ಹೊತ್ತನ್ನು ಕಡಿಮೆ ಮಾಡುವ ವೆಚ್ಚವು ಉತ್ಪಾದಕವಲ್ಲದ ವೆಚ್ಚವೆಂದು ಕಡತಗಳಲ್ಲಿ ಉಳಿದುಹೋಗುತ್ತದೆ.

ಇಷ್ಟು ಬಗೆಯ ನೋಟಗಳು ಇದ್ದರೂ, ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಪ್ರಪಂಚದ ದೊಡ್ಡ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರವು ಬಹುಮಟ್ಟಿಗೆ ಒಂದೇ ಮಾರ್ಗಕ್ಕೆ ಇಳಿದಿದೆ. ತನ್ನ ಹಿತವನ್ನು ಗರಿಷ್ಠಗೊಳಿಸಿಕೊಳ್ಳುವ ವ್ಯಕ್ತಿ, ಅಂಥ ವ್ಯಕ್ತಿಗಳ ವ್ಯವಹಾರದಿಂದ ಏರ್ಪಡುವ ಸಮತೋಲ, ಇವೆರಡನ್ನು ಗಣಿತದಲ್ಲಿ ನಿರೂಪಿಸುವ ಕೌಶಲ, ಇಷ್ಟು ಇದ್ದರೆ ಶಾಸ್ತ್ರ. ಉಳಿದುದು ಇತಿಹಾಸ, ಸಮಾಜಶಾಸ್ತ್ರ ಅಥವಾ ರಾಜಕೀಯ. ಈ ಮಾರ್ಗದ ಸಾಧನೆಯನ್ನು ನಾನು ಅಲ್ಲಗಳೆಯುವುದಿಲ್ಲ. ಅದರ ಹೊರಗಣ ವಿಮರ್ಶಕರಿಗಿಂತ ಒಳಗಣವರ ಅಸಮಾಧಾನವೇ ಹೆಚ್ಚು ಅರ್ಥಪೂರ್ಣವಾಗಿದೆ. 1992ರಲ್ಲಿ 44 ಮಂದಿ ವಿದ್ವಾಂಸರು ಶಾಸ್ತ್ರದಲ್ಲಿ ಬಹುತ್ವವೂ ಬಿಗಿಯೂ ಕೂಡಿರಬೇಕೆಂದು ಅಮೆರಿಕದ ಪ್ರಮುಖ ಅರ್ಥಶಾಸ್ತ್ರ ಪತ್ರಿಕೆಯಲ್ಲಿ ಮನವಿ ಮಾಡಿಕೊಂಡಾಗ, ಸಹಿ ಮಾಡಿದವರಲ್ಲಿ ಪಾಲ್ ಸ್ಯಾಮುಯಲ್ಸನ್ ಇದ್ದರು. ಆ ಮುಖ್ಯ ಮಾರ್ಗವನ್ನು ಹಾಕಿದ ಪಠ್ಯಪುಸ್ತಕವೇ ಅವರದು. 2000ದಲ್ಲಿ ಪ್ಯಾರಿಸಿನ ವಿದ್ಯಾರ್ಥಿಗಳು ತಮಗೆ ಕಲಿಸುತ್ತಿರುವ ಶಾಸ್ತ್ರವು ಕಣ್ಣೆದುರಿನ ಲೋಕವನ್ನು ಕಾಣುತ್ತಿಲ್ಲವೆಂದು ಬಹಿರಂಗ ಮನವಿ ಸಲ್ಲಿಸಿದರು. 2008ರ ನವೆಂಬರಿನಲ್ಲಿ, ಹಣಕಾಸಿನ ಮಹಾಕುಸಿತದ ನಡುವೆ, ಲಂಡನ್ನಿನ ಅರ್ಥಶಾಸ್ತ್ರ ವಿದ್ಯಾಲಯಕ್ಕೆ ಬಂದ ಎಲಿಜಬೆತ್ ರಾಣಿ ಇದು ಯಾರಿಗೂ ಮೊದಲೇ ಏಕೆ ತಿಳಿಯಲಿಲ್ಲವೆಂದು ಕೇಳಿದರು. ಸಾಲದ ಸುಖಕಾಲವೇ ಸಾಲದ ದುಷ್ಕಾಲವನ್ನು ಹೆರುತ್ತದೆಂದು ದಶಕಗಳ ಹಿಂದೆಯೇ ಬರೆದಿಟ್ಟು 1996ರಲ್ಲಿ ತೀರಿಕೊಂಡ ಅರ್ಥಶಾಸ್ತ್ರಜ್ಞ ಹೈಮನ್ ಮಿನ್ಸ್ಕಿಯ ಹೆಸರು ಆಮೇಲೆ ಎಲ್ಲರ ಬಾಯಲ್ಲಿ ಬಂದಿತು; ಅದಕ್ಕೆ ಮುಂಚೆ ಅವನನ್ನು ಓದಿ ಪದವಿ ಪಡೆದವರು ವಿರಳ. ಮ್ಯಾಂಚೆಸ್ಟರಿನ ವಿದ್ಯಾರ್ಥಿಗಳು 2012ರಲ್ಲಿ ಸಂಘ ಕಟ್ಟಿದ್ದೂ, 2014ರಲ್ಲಿ 30 ದೇಶಗಳ ವಿದ್ಯಾರ್ಥಿ ಸಂಘಗಳು ಒಟ್ಟಾಗಿ ಬಹುತ್ವದ ಪಾಠಕ್ರಮವನ್ನು ಬೇಡಿದ್ದೂ ಈ ಕ್ಷೋಭೆಯಿಂದಲೇ.

ನಮಗಾದರೋ ಈ ವಿಚಾರ ಹೊರಗಿನಿಂದ ಬರಬೇಕಾದದ್ದಲ್ಲ. 1892ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಮಹಾದೇವ ಗೋವಿಂದ ರಾನಡೆಯವರು ಮಾಡಿದ ಉಪನ್ಯಾಸದ ವಿಷಯ ಇದೇ. ವ್ಯಕ್ತಿಯು ಸ್ವಹಿತವನ್ನೇ ನೋಡುತ್ತಾನೆ, ಶ್ರಮವೂ ಬಂಡವಾಳವೂ ಲಾಭವಿದ್ದೆಡೆಗೆ ಸರಾಗವಾಗಿ ಹರಿಯುತ್ತವೆ, ಸ್ಪರ್ಧೆಯು ಬೆಲೆಯನ್ನೂ ಕೂಲಿಯನ್ನೂ ನಿಗದಿ ಮಾಡುತ್ತದೆ ಎಂಬ ಆಂಗ್ಲ ಅರ್ಥಶಾಸ್ತ್ರದ ಆಧಾರವಾಕ್ಯಗಳನ್ನು ಒಂದೊಂದಾಗಿ ತೆಗೆದುಕೊಂಡು, ವ್ಯಕ್ತಿಗಿಂತ ಕುಟುಂಬ ಮತ್ತು ಜಾತಿ ಬಲಿಷ್ಠವಾಗಿಯೂ ಸ್ಪರ್ಧೆಗಿಂತ ರೂಢಿ ಬಲಿಷ್ಠವಾಗಿಯೂ ಇರುವ ದೇಶಕ್ಕೆ ಅವು ಹೇಗೆ ಹೊಂದಲಾರವೆಂಬುದನ್ನು ಅವರು ತೋರಿಸಿದರು. ಜರ್ಮನಿಯ ಐತಿಹಾಸಿಕ ಪಂಥದವರನ್ನು ಅವರು ಓದಿಕೊಂಡಿದ್ದರು, ಆಂಗ್ಲರನ್ನೂ ಕೈಬಿಡಲಿಲ್ಲ. ಪರಕೀಯವೆಂಬ ಕಾರಣಕ್ಕೆ ಒಂದು ಶಾಸ್ತ್ರವನ್ನು ತಳ್ಳುವುದು ಅವರ ಉದ್ದೇಶವಾಗಿರಲಿಲ್ಲವೆಂಬುದನ್ನು ಇಂದಿನ ಕೆಲವು ಉತ್ಸಾಹಿಗಳಿಗೆ ನೆನಪಿಸಬೇಕಾಗಿದೆ.

ಆ ಪರಂಪರೆಯಲ್ಲಿ ಅರ್ಥಶಾಸ್ತ್ರಜ್ಞ ವಿ. ಕೆ. ಆರ್. ವಿ. ರಾಯರ ಸ್ಥಾನ ದೊಡ್ಡದು. ಕೇಂಬ್ರಿಜ್‌ನಲ್ಲಿ ಕೇನ್ಸನ ಪ್ರಭಾವ ಉಚ್ಛ್ರಾಯದಲ್ಲಿದ್ದಾಗ ಅಲ್ಲಿ ಓದಿ ಬಂದ ಅವರು, 1952ರಲ್ಲಿ ಕೇನ್ಸನ ಗುಣಕ ಸಿದ್ಧಾಂತವೇ ಭಾರತಕ್ಕೆ ಅನ್ವಯಿಸದೆಂದು ಪ್ರತಿಪಾದಿಸಿದರು. ಸರ್ಕಾರ ನೂರು ರೂಪಾಯಿ ವೆಚ್ಚ ಮಾಡಿದರೆ, ಅದನ್ನು ಪಡೆದವನು ಕೊಳ್ಳಲು ಹೊರಡುತ್ತಾನೆ, ನಿಂತ ಕಾರ್ಖಾನೆ ತಿರುಗುತ್ತದೆ, ಕೆಲಸವಿಲ್ಲದವನಿಗೆ ಕೆಲಸ ಸಿಕ್ಕುತ್ತದೆ, ಹೀಗೆ ಆದಾಯವು ನೂರಕ್ಕಿಂತ ಹಲವು ಪಟ್ಟು ಬೆಳೆಯುತ್ತದೆಂಬುದು ಇಂಗ್ಲೆಂಡಿನ ಮಟ್ಟಿಗೆ ಸರಿ. ಇಲ್ಲಿ ನಿಂತ ಕಾರ್ಖಾನೆಗಳು ಎಲ್ಲಿವೆ? ದುಡಿಮೆಯ ಬಹುಭಾಗ ಮನೆಯ ಕಸುಬು. ನಿರುದ್ಯೋಗಿಯು ಬೀದಿಯಲ್ಲಿ ನಿಂತಿಲ್ಲ, ಇಬ್ಬರಿಗೆ ಸಾಕಾಗುವ ಹೊಲದಲ್ಲಿ ನಾಲ್ವರಲ್ಲೊಬ್ಬನಾಗಿ ಅಡಗಿದ್ದಾನೆ. ಕೈಗೆ ಬಂದ ಹಣ ಅನ್ನಕ್ಕೆ ಹೋಗುತ್ತದೆ, ಅನ್ನವೋ ಬೇಕೆಂದಾಗ ಹೆಚ್ಚುವಂಥದಲ್ಲ, ಆದ್ದರಿಂದ ಏರುವುದು ಬೆಲೆ. ಕೇನ್ಸನನ್ನು ತಿಳಿಯದೆ ನಿರಾಕರಿಸಿದವರು ಹಲವರಿದ್ದರು, ತಿಳಿದು ಅನುಸರಿಸಿದವರೂ ಹಲವರಿದ್ದರು. ಅವನ ಸಿದ್ಧಾಂತವನ್ನು ಪೂರ್ಣವಾಗಿ ಅರಗಿಸಿಕೊಂಡು, ಅದು ಯಾವ ನೆಲದ ಬೆಳೆಯೆಂಬುದನ್ನು ಗುರುತಿಸಿ ಹೇಳಿದವರು ರಾಯರು.

ಒಂದು ಶಾಸ್ತ್ರಕ್ಕೆ ತನ್ನ ಮಿತಿಯನ್ನು ತಾನೇ ಕಾಣುವುದು ಕಷ್ಟವೆಂಬುದನ್ನೂ ರಾಯರು ಅರಿತಿದ್ದರು. ತಾವು ಕಟ್ಟಿದ ದೆಹಲಿಯ ಅರ್ಥಶಾಸ್ತ್ರ ಶಾಲೆಗೆ 1959ರಲ್ಲಿ ಮೈಸೂರಿನ ಎಂ. ಎನ್. ಶ್ರೀನಿವಾಸರನ್ನು ಕರೆಸಿ ಸಮಾಜಶಾಸ್ತ್ರದ ವಿಭಾಗವನ್ನು ತೆರೆದರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನೆ ಸಂಸ್ಥೆಯನ್ನು ಸ್ಥಾಪಿಸಿದಾಗಲೂ ಶ್ರೀನಿವಾಸರು ಜೊತೆಗೂಡಿದರು. 1948ರಲ್ಲಿ ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ನೆಲೆಸಿ, ರಾಂಪುರವೆಂಬ ಹೆಸರಿನಿಂದ ಅದನ್ನು ಲೋಕಕ್ಕೆ ಪರಿಚಯಿಸಿದ ಶ್ರೀನಿವಾಸರು, ಗ್ರಂಥಗಳಿಂದ ಕಂಡ ಜಾತಿಗೂ ಊರಿನಲ್ಲಿ ಇದ್ದು ಕಂಡ ಜಾತಿಗೂ ಎಷ್ಟು ಅಂತರವಿದೆಯೆಂಬುದನ್ನು ಜೀವಮಾನವೆಲ್ಲ ಹೇಳಿದರು. ನೆಲ, ಜನಬಲ, ಅಧಿಕಾರ ಇವು ಒಂದೆಡೆ ಕೂಡಿದಾಗ ಹುಟ್ಟುವ ಪ್ರಬಲ ಜಾತಿಯ ಪರಿಕಲ್ಪನೆ ಅವರದು. ಭಾರದ್ವಾಜರು ವರದಿಗಳ ಅಂಕಿಗಳಲ್ಲಿ ಕಂಡ ಧಣಿಯೂ ಶ್ರೀನಿವಾಸರು ಜಗಲಿಯ ಮೇಲೆ ಕಂಡ ಧಣಿಯೂ ಒಬ್ಬನೇ. ಅರ್ಥಶಾಸ್ತ್ರ ಸಮಾಜಶಾಸ್ತ್ರಗಳ ನಡುವೆ ಗೋಡೆ ಕಟ್ಟಿದರೆ ಅವನು ಇಬ್ಬರ ಕೈಗೂ ಅರ್ಧವಾಗಿ ಸಿಕ್ಕುತ್ತಾನೆ.

ಬಹುತ್ವದ ಈ ಬೇಡಿಕೆಗೆ ಎರಡು ಆಕ್ಷೇಪಗಳುಂಟು. ಮುಖ್ಯ ಮಾರ್ಗವೇ ಈಗ ಬಹುವಿಧವಾಗಿದೆಯೆಂಬುದು ಮೊದಲನೆಯದು: ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿಲ್ಲವೆ, ಹಳ್ಳಿಗಳಲ್ಲಿ ಪ್ರಯೋಗ ನಡೆಸಿದ ಅಭಿಜಿತ್ ಬ್ಯಾನರ್ಜಿ ಮೊದಲಾದವರಿಗೆ 2019ರಲ್ಲಿ ಬಂದಿಲ್ಲವೆ ಎಂದು ಕೇಳುತ್ತಾರೆ. ಬಂದಿದೆ, ಅದು ಸಂತೋಷದ ವಿಷಯ. ಆದರೆ ಸಂಶೋಧನೆಯ ಶಿಖರದಲ್ಲಿ ಬೀಸಿದ ಈ ಗಾಳಿ ಪದವಿ ತರಗತಿಯ ಪಠ್ಯಪುಸ್ತಕದವರೆಗೆ ಇಳಿದುಬಂದಿಲ್ಲ. ಎರಡನೆಯ ಆಕ್ಷೇಪ ಗಂಭೀರವಾದದ್ದು. ಎಲ್ಲ ಪಂಥಗಳಿಗೂ ಸ್ಥಾನವೆಂದರೆ ಎಲ್ಲವೂ ಸರಿಯೆಂದಾಗುವುದಿಲ್ಲವೆ, ಆಗ ಸತ್ಯಾಸತ್ಯಗಳ ನಿರ್ಣಯವೆಲ್ಲಿ? ಇದಕ್ಕೆ ಉತ್ತರವನ್ನು ಎಲಿನಾರ್ ಆಸ್ಟ್ರಮ್ ಅವರ ಜೀವಿತಕಾರ್ಯವೇ ಕೊಡುತ್ತದೆ. ಎಲ್ಲರಿಗೂ ಸೇರಿದ ಗೋಮಾಳವನ್ನು ಪ್ರತಿಯೊಬ್ಬನೂ ಅತಿಯಾಗಿ ಮೇಯಿಸಿ ಹಾಳುಗೆಡವುವುದು ಅನಿವಾರ್ಯವೆಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಬರೆದ ಲೇಖನವು ಬಹುಕಾಲ ಸಿದ್ಧಾಂತದ ಗೌರವವನ್ನು ಪಡೆದಿತ್ತು. ಖಾಸಗಿಯವರಿಗೆ ಹಂಚು, ಇಲ್ಲವೆ ಸರ್ಕಾರಕ್ಕೆ ಒಪ್ಪಿಸು ಎಂಬ ಎರಡೇ ದಾರಿಗಳು ಕಂಡಿದ್ದವು. ರಾಜ್ಯಶಾಸ್ತ್ರದಿಂದ ಬಂದ ಆಸ್ಟ್ರಮ್ ಸ್ಪೇನಿನ ಕಾಲುವೆಗಳು, ಸ್ವಿಟ್ಜರ್ಲೆಂಡಿನ ಗುಡ್ಡಗಾವಲು, ಫಿಲಿಪೀನ್ಸಿನ ನೀರಾವರಿ ಸಂಘಗಳು ಇವನ್ನೆಲ್ಲ ಪರಿಶೀಲಿಸಿ, ಜನರೇ ಕಟ್ಟಳೆ ಮಾಡಿಕೊಂಡು, ಮೀರಿದವನಿಗೆ ದಂಡ ಹಾಕಿಕೊಂಡು, ಶತಮಾನಗಳ ಕಾಲ ಸಾಮೂಹಿಕ ಸ್ವತ್ತನ್ನು ಉಳಿಸಿಕೊಂಡದ್ದನ್ನು 1990ರ ಗ್ರಂಥದಲ್ಲಿ ತೋರಿಸಿದರು. ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯಾಗಿ 2009ರಲ್ಲಿ ಮಾನ್ಯರಾದರು. ಕೆರೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಡುವ ನೀರಗಂಟಿಯನ್ನು ಕಂಡ ಕನ್ನಡಿಗನಿಗೆ ಅವರ ಮಾತು ಹೊಸದಲ್ಲ. ಇಲ್ಲಿ ಸತ್ಯಾಸತ್ಯ ನಿರ್ಣಯ ಕೈಬಿಟ್ಟುಹೋಗಲಿಲ್ಲ. ಎರಡನೆಯ ದೃಷ್ಟಿಯೊಂದು ಇದ್ದುದರಿಂದಲೇ ಮೊದಲನೆಯದರ ಅನಿವಾರ್ಯತೆ ಪರೀಕ್ಷೆಗೆ ಒಳಗಾಯಿತು.

ಪರಪಕ್ಷವನ್ನು ಪರಪಕ್ಷದವನೇ ಮೆಚ್ಚುವಂತೆ ಪೂರ್ವಪಕ್ಷವಾಗಿ ನಿರೂಪಿಸದೆ ಸ್ವಪಕ್ಷವನ್ನು ಸ್ಥಾಪಿಸಕೂಡದೆಂಬ ನಿಯಮವು ನಮ್ಮ ಶಾಸ್ತ್ರಾಭ್ಯಾಸದಲ್ಲಿ ಪುರಾತನವಾದುದು. ವಿಜಯನಗರದ ಕಾಲದ ಮಾಧವಾಚಾರ್ಯರದೆಂದು ಪ್ರಸಿದ್ಧವಾದ ‘ಸರ್ವದರ್ಶನಸಂಗ್ರಹ’ವು ಚಾರ್ವಾಕ ಮತದಿಂದ ಆರಂಭವಾಗುತ್ತದೆ, ಅದ್ವೈತಿಯಾದ ಗ್ರಂಥಕಾರನಿಗೆ ಅತ್ಯಂತ ದೂರವಾದ ಮತವದು. ಅರ್ಥಶಾಸ್ತ್ರದ ತರಗತಿಯಲ್ಲಿ ಕೋರಬೇಕಾದುದು ಇಷ್ಟೇ. ಆರ್ಥಿಕ ಚಿಂತನೆಯ ಇತಿಹಾಸವೂ ಭಾರತದ ಆರ್ಥಿಕ ಇತಿಹಾಸವೂ ಐಚ್ಛಿಕವಾಗದೆ ಪದವಿಯ ಕಡ್ಡಾಯ ಪಾಠಗಳಾಗಿರಲಿ. ಕೂಲಿ, ಬಡ್ಡಿ, ಗೇಣಿ, ಬೆಲೆ ಎಂಬ ಪ್ರತಿಯೊಂದು ವಿಷಯವನ್ನೂ ಕನಿಷ್ಠ ಎರಡು ಪಂಥಗಳ ದೃಷ್ಟಿಯಿಂದ ಕಲಿಸಿ, ಎರಡನ್ನೂ ಒಂದೇ ಅಂಕಿಗಳ ಮೇಲೆ ಪ್ರಯೋಗಿಸುವಂತೆ ಪರೀಕ್ಷೆಯಲ್ಲಿ ಕೇಳಲಿ. ಅರ್ಥಶಾಸ್ತ್ರದ ವಿದ್ಯಾರ್ಥಿಯು ಒಂದು ಅವಧಿಯಾದರೂ ಸಮಾಜಶಾಸ್ತ್ರದವರೊಡನೆ ಒಂದು ಹಳ್ಳಿಯಲ್ಲಿ ಇದ್ದು ಬರಲಿ.

ಕನ್ನಡದಲ್ಲಿ ಓದುವ ವಿದ್ಯಾರ್ಥಿಯ ಸ್ಥಿತಿ ಇನ್ನೂ ಹೆಚ್ಚು ಕಳವಳಕಾರಿ. ಇಂಗ್ಲಿಷಿನಲ್ಲಿ ಓದಬಲ್ಲವನು ತರಗತಿಯಲ್ಲಿ ದೊರೆಯದ ಪಂಥವನ್ನು ಗ್ರಂಥಾಲಯದಲ್ಲಿ ಹುಡುಕಿಕೊಂಡಾನು. ಕನ್ನಡ ಮಾಧ್ಯಮದವನಿಗೆ ಪರೀಕ್ಷೆಯ ಕೈಪಿಡಿಯೇ ಶಾಸ್ತ್ರದ ಆದಿ ಮತ್ತು ಅಂತ್ಯ. ರಾನಡೆಯವರ 1892ರ ಉಪನ್ಯಾಸ, ರಾಯರ 1952ರ ಲೇಖನ, ಸೇನ್‌ರ 1962ರ ಲೇಖನ, ಚಯಾನೊವ್ ಮತ್ತು ಆಸ್ಟ್ರಮ್‌ರ ಗ್ರಂಥಗಳ ಮುಖ್ಯ ಅಧ್ಯಾಯಗಳು, ಇವಿಷ್ಟು ಪೀಠಿಕೆ ಟಿಪ್ಪಣಿಗಳೊಡನೆ ಒಂದು ಮಾಲೆಯಾಗಿ, ವಿದ್ಯಾರ್ಥಿ ಕೊಳ್ಳಬಲ್ಲ ಬೆಲೆಗೆ, ಜಿಲ್ಲಾ ಕೇಂದ್ರದ ಕಾಲೇಜುಗಳಿಗೆಲ್ಲ ಮುಟ್ಟಬೇಕು. ಕುವೆಂಪು ಭಾಷಾ ಭಾರತಿ ಪ್ರಾಧಿಕಾರವೂ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳೂ ಮನಸ್ಸು ಮಾಡಿದರೆ ಇದು ಕೆಲವೇ ವರ್ಷಗಳ ಕೆಲಸ. ಇವೆಲ್ಲಕ್ಕಿಂತಲೂ ಮೊದಲು ಕೈಗೆತ್ತಿಕೊಳ್ಳಬೇಕಾದುದು ಕಾರವಾರದ ಮಗಳು ಭಾರತದ ಹೊಲಗಳನ್ನು ಕುರಿತು ಬರೆದ ಆ 1974ರ ಗ್ರಂಥ.